ದಾನಕ್ಕೆ ಬಂದ ಸೈಕಲ್ಲು

ಶಿವದಾರಕ್ಕೆ ಕಟ್ಟಿದ್ದ ಬೀಗದ ಕೈ ಲಿಂಗದ ಜೊತೆಗೇ ಎಡ ಅಂಗೈಗೆ ಇಳಿದು ಕೂತಿತ್ತು. ಮಹಾಂತಯ್ಯ ಅದನ್ನು ಬೆರಳ ಸಂದಿಗೆ ಸರಿಸಿದ. ದಾರ ಗಿಡ್ಡವಾದ್ದರಿಂದ ಅದು ಮತ್ತೆ ಜಾರಿ ಬಂದು ಲಿಂಗಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿತು. ಕಣ್ಣು ನೆಟ್ಟು ನೋಡು, ನೋಡುತ್ತ ನೋಡುತ್ತ ನೋಡುವವನೇ ಇಲ್ಲವಾಗಬೇಕು ಎಂದು ತಂದೆ ಹೇಳಿಕೊಟ್ಟಿದ್ದರು. ಮಕ್ತಲ್ಲಿನ ಈ ಪಡಸಾಲೆಯಲ್ಲಿ, ಇದೇ ಮಣೆಯ ಮೇಲೆ, ನಲವತ್ತು ವರ್ಷ ಹಾಗೆ ಕೂತವನು ಅವನು. ಎರಡು ಸಲವೋ ಮೂರು ಸಲವೋ ನಿಜವಾಗಿಯೂ ಇಲ್ಲವಾಗಿದ್ದ. ಎಚ್ಚರಾದಾಗ ಬಿಸಿಲು ಹೊಸ್ತಿಲು ದಾಟಿ ಮೊಣಕಾಲಿಗೆ ಬಂದಿತ್ತು. ಈಗ ಎರಡು ತಿಂಗಳಿಂದ ಲಿಂಗದ ಕಪ್ಪು ಹೊಳಪಿನಲ್ಲಿ ಅವನಿಗೆ ಕಾಣುವುದು ಬೆನ್ನ ಹಿಂದಿನ ಕಂಬ, ಕಂಬಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ ಸೈಕಲ್ಲು. ಜೋಳದ ಕಾಳಿನಷ್ಟು ಸಣ್ಣ ಬಿಂಬ. ಇವತ್ತು ಆ ಬಿಂಬದ ಸೀಟಿನ ಮೇಲೆ ಯಾರೋ ಕೂತ ಹಾಗೆ ಒಂದು ಕಪ್ಪು ಇತ್ತು. ಪೂಜೆಯ ನಡುವೆ ಹಿಂದಿರುಗಿ ನೋಡಬಾರದು. ನೋಡಿದ. ಸೀಟು ಖಾಲಿ. ಮತ್ತೆ ಅಂಗೈ ನೋಡಿದಾಗ ಕಪ್ಪು ಅಲ್ಲೇ ಇತ್ತು. ಲಿಂಗದ ಮೇಲೆ ಏರಿಸಿದ ಹೂವಿನ ನೆರಳಿರಬೇಕೆಂದು ಹೂವನ್ನು ತೆಗೆದ. ನೆರಳು ಹೋಗಲಿಲ್ಲ. ಮಂತ್ರವನ್ನು ಅರ್ಧಕ್ಕೇ ನುಂಗಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿಬಿಟ್ಟ; ಮುಚ್ಚಿದ ಮೇಲೆ, ಯಾರನ್ನೋ ಒಳಗೆ ಹಾಕಿ ಮುಚ್ಚಿದ ಹಾಗೆ ಅನಿಸಿತು.

"ಇವತ್ತ ಲಗೂನ ಮುಗೀತಲ್ರಿ ಪೂಜಿ," ಎಂದಳು ಹೆಂಡತಿ ಅನ್ನಮ್ಮ, ಒಲೆಯ ಮುಂದಿನಿಂದಲೇ. "ಲಿಂಗಪ್ಪಗ ಒಂದು ಉದ್ಧರಣಿ ನೀರು, ಸೈಕಲ್ಲಪ್ಪಗ ಪಾವು ಎಣ್ಣಿ. ನಮ್ಮ ಮನ್ಯಾಗ ಯಾರು ದೊಡ್ಡಾಂವ ಅಂತ ಓಣಿಗೆಲ್ಲ ಗೊತ್ತೈತಿ ಬಿಡ್ರಿ."

"ಚೈನಿಗೆ ಔಡಲೆಣ್ಣಿ ಬಿಡಲಿಲ್ಲಂದ್ರ ತುಕ್ಕು ಹಿಡೀತೈತಿ."

"ಮನುಷ್ಯಾಗ ಹಿಡಿದ್ರ ಯಾವ ಎಣ್ಣಿ ಬಿಡ್ತಾರ?"

ಅವನು ಹಳೆಯ ಧೋತರದ ಚೂರು ಹಿಡಿದು ಸೈಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ನಿನ್ನೆ ಸಂಜೆಯೂ ಹೀಗೇ ಕೂತು ಒಂದೊಂದು ಕಡ್ಡಿಯನ್ನೂ ಒರೆಸಿದ್ದ, ಗಂಟೆಯ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದ, ಹಿಡಿಕೆಯ ನಡುವೆ ಮೂರು ಬೆರಳು ವಿಭೂತಿ ಎಳೆದಿದ್ದ. ಚಕ್ರದ ಮೇಲಿನ ತಗಡಿನೊಳಗೆ ಬೆರಳು ಹಾಕಿದ. ಬೆರಳಿಗೆ ಕೆಂಪು ಮಣ್ಣು ಬಂತು. ದಿನವೂ ಬರುತ್ತಿತ್ತು. ಮಕ್ತಲ್ಲಿನ ಸುತ್ತ ಇರುವುದು ಎರೆಭೂಮಿ. ಅವನು ತಿರುಗುವ ಊರುಗಳ ಹಾದಿಯೆಲ್ಲ ಕಪ್ಪು ಧೂಳು. ಕೆಂಪು ನೆಲ ಇರುವುದು ನಾರಾಯಣಪೇಟೆಯ ಹಾದಿಯಲ್ಲಿ ಎಡಕ್ಕೆ ಒಡೆಯುವ ಕಾಲುದಾರಿಯ ಕೊನೆಗೆ, ಗುಡ್ಡದ ಬುಡದ ಕೆಂಪುದೊಡ್ಡಿ ಎಂಬ ಹತ್ತು ಮನೆಗಳ ಹಳ್ಳಿಯಲ್ಲಿ ಮಾತ್ರ. ಅಲ್ಲಿಗೆ ಅವನು ಈ ಸೈಕಲ್ಲಿನ ಮೇಲೆ ಒಮ್ಮೆಯೂ ಹೋಗಿರಲಿಲ್ಲ. ಹೋಗದೆ ಇರುವುದಕ್ಕಾಗಿಯೇ ಎರಡು ತಿಂಗಳಿಂದ ಬದುಕುತ್ತಿದ್ದ ಎಂದರೂ ಆದೀತು. ಹಳೆಯ ಮಣ್ಣು, ಸಂದಿಯಲ್ಲಿ ಕೂತದ್ದು, ಸ್ವಲ್ಪ ಸ್ವಲ್ಪವೇ ಉದುರುತ್ತದೆ ಎಂದುಕೊಂಡ. ಬೆರಳನ್ನು ಮೂಗಿನ ಹತ್ತಿರ ತಂದ. ಮಣ್ಣು ಹಸಿಯಾಗಿತ್ತು.

ಅದು ಹಂಪಣ್ಣನ ಸೈಕಲ್ಲು. ನಾರಾಯಣಪೇಟೆಯ ಮಗ್ಗದ ಸೀರೆಗಳನ್ನು ಹಿಂದೆ ಗಂಟು ಕಟ್ಟಿಕೊಂಡು ಮಕ್ತಲ್ಲು, ಗದ್ವಾಲ ಎಂದು ತಿರುಗಿ ಮಾರುತ್ತಿದ್ದ ಹಂಪಣ್ಣ ಮಹಾಂತಯ್ಯನ ಭಕ್ತ. ಒಮ್ಮೆ ಇಬ್ಬರೂ ಗದ್ವಾಲಕ್ಕೆ ಹೋಗುವಾಗ ಕೃಷ್ಣೆಯ ದಡದಲ್ಲಿ ಹಂಪಣ್ಣ ಸೈಕಲ್ಲನ್ನು ಮಗುವನ್ನೆತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹರಗೋಲಿನಲ್ಲಿಟ್ಟು, ನೀರು ಸಿಡಿಯದಂತೆ ಚಕ್ರಕ್ಕೆ ತನ್ನ ಹೆಗಲ ವಲ್ಲಿ ಹೊದಿಸಿದ್ದ. ಹರಗೋಲು ಸುಳಿಯಲ್ಲಿ ಸುತ್ತಿದಾಗ ಮಹಾಂತಯ್ಯ ಹಿಡಿದುಕೊಂಡದ್ದು ಹರಗೋಲಿನ ಅಂಚನ್ನಲ್ಲ, ಸೈಕಲ್ಲಿನ ಸೀಟನ್ನು. ಬಿಸಿಲಿಗೆ ಕಾದ ತೊಗಲು, ಬದುಕಿದ ಪ್ರಾಣಿಯ ಬೆನ್ನಿನ ಹಾಗೆ. ಆಸೆ ಆವತ್ತೇ ಅಂಗೈಯಿಂದ ಒಳಗೆ ಹೋಗಿರಬೇಕು. ಐವತ್ತು ವರ್ಷದ ಜಂಗಮ, ಭಕ್ತರ ಮನೆಯಿಂದ ಮನೆಗೆ, ಊರಿಂದ ಊರಿಗೆ ಕಾಲು ನಡಿಗೆಯಲ್ಲೇ ಸವೆದವನು. ಹಿಮ್ಮಡಿಯ ಬಿರುಕಿನಲ್ಲಿ ಕಾಳು ಇಟ್ಟರೆ ಮೊಳೆಯುತ್ತದೆಂದು ಅನ್ನಮ್ಮ ನಗುತ್ತಿದ್ದಳು.

ಹಂಪಣ್ಣ ಜ್ವರದಲ್ಲಿ ಮಲಗಿ ಒಂಬತ್ತನೆಯ ದಿನ ಕರೆ ಬಂದಿತ್ತು. ಹೆಂಡತಿ ಸಂಗಮ್ಮ ಅಯ್ಯನ ಪಾದಕ್ಕೆ ನೀರು ತರಲು ಹಿತ್ತಿಲಿಗೆ ಹೋದಾಗ ಹಂಪಣ್ಣ ಅವನ ಮುಂಗೈ ಹಿಡಿದ. ಸುಡುವ ಕೈ. "ಅಯ್ಯನವರ, ಸೈಕಲ್ ನಂದಲ್ಲ," ಎಂದ. ರಾಯಚೂರಿನ ಅರಳೆ ಫ್ಯಾಕ್ಟರಿಯಲ್ಲಿ ಹಿಂದೆ ತನ್ನ ಜೊತೆಗೆ ದುಡಿಯುತ್ತಿದ್ದ ಕೆಂಪುದೊಡ್ಡಿಯ ಭೀಮಯ್ಯನದು. ಕೆಲಸ ಬಿಟ್ಟು ತನ್ನೂರಿಗೆ ಹೊರಟ ರೇಲ್ವೆ ಸಾಹೇಬನೊಬ್ಬನಿಂದ ಅವನು ತೆಗೆದುಕೊಂಡದ್ದು. ವಾರಕ್ಕೊಮ್ಮೆ ಅದರ ಮೇಲೆ ತಾಯಿಯನ್ನು ನೋಡಲು ಹೋಗುತ್ತಿದ್ದ. ಪಿಳೇಗಿನ ಬೇನೆ ಬಂದು ಭೀಮಯ್ಯ ಸತ್ತ, ಸೋಂಕೆಂದು ಸರಕಾರದವರು ಹೆಣವನ್ನೂ ಕೊಡಲಿಲ್ಲ. ಸುದ್ದಿ ಹೇಳಿ ಸೈಕಲ್ಲು ಮುಟ್ಟಿಸಿ ಬರೋಣವೆಂದು ಹಂಪಣ್ಣ ಹೋದರೆ, ಆ ತಾಯಿ ಆಶಮ್ಮನಿಗೆ ಕಣ್ಣಿಲ್ಲ. ಚಕ್ರದ ಸಪ್ಪಳ ಕೇಳಿ ಬಾಗಿಲಿಗೆ ಬಂದು, ಬಂದ್ಯಾ ನಾಯನಾ, ಎಂದು ಮಗನನ್ನು ಕರೆಯುವ ಹಾಗೆ ಕರೆದುಬಿಟ್ಟಳು. "ಹೂಂ ಅಂದೆರಿ ಅಯ್ಯನವರ. ಬಾಯಿಗೆ ಬ್ಯಾರೆ ಮಾತು ಬರಲಿಲ್ಲ. ಆರು ವರ್ಷ ಆತು, ಸೋಮವಾರ ಸೋಮವಾರ ಹೋಗ್ತೀನಿ, ಹೂಂ ಅಂತೀನಿ, ಬರ್ತೀನಿ. ನೀವು ಹೋಗ್ರಿ. ಸುದ್ದಿ ಹೇಳ್ರಿ. ಸೈಕಲ್ ಆಕೀಗಿ ಮುಟ್ಟಿಸ್ರಿ." ಸಂಗಮ್ಮ ನೀರಿನ ತಂಬಿಗೆಯೊಂದಿಗೆ ಒಳಗೆ ಬಂದಾಗ ಹಂಪಣ್ಣ ಕೈ ಬಿಟ್ಟ. ಸಂಜೆಗೆ ಪ್ರಾಣ ಬಿಟ್ಟ. ಗೋಡೆಗೆ ಆನಿಸಿ ಕೂರಿಸಿದ ಹೆಣದ ನೆತ್ತಿಯ ಮೇಲೆ, ಪದ್ಧತಿಯಂತೆ, ಮಹಾಂತಯ್ಯ ಪಾದ ಇಟ್ಟ. ಎಷ್ಟೋ ನೆತ್ತಿಗಳ ಮೇಲೆ ಇಟ್ಟ ಪಾದ. ಇದೊಂದು ನೆತ್ತಿ ಇನ್ನೂ ಬಿಸಿಯಿತ್ತು, ಪಾದ ತೆಗೆದ ಮೇಲೂ ಆ ಬಿಸಿ ಅಂಗಾಲಿಗೆ ಅಂಟಿಕೊಂಡಿತು.

ಹಂಪಣ್ಣನ ಆರಾಧನೆಯ ದಿನ ಸಂಗಮ್ಮ ಸೈಕಲ್ಲನ್ನು ತೊಳೆದು, ಹೂವು ಸುತ್ತಿ, ಅಂಗಳಕ್ಕೆ ತಂದು ನಿಲ್ಲಿಸಿ, "ಅವರಿಗೆ ನಡಿಯಾಕ ಆಗೂದಿಲ್ರಿ ಅಯ್ಯನವರ. ದೂರದ ದಾರಿ ಅಲ್ಲ?" ಎಂದು ಹಿಡಿಕೆಯನ್ನು ಅವನ ಕೈಗಿಟ್ಟಳು. ಆ ಸೀಮೆಯ ಹೆಂಗಸರ ನಂಬಿಕೆ ಅದು: ಅಯ್ಯನ ಮೈಗೆ ಹಾಕಿದ್ದು ಸತ್ತವರ ಮೈಗೆ, ಅಯ್ಯನ ಹೊಟ್ಟೆಗೆ ಹಾಕಿದ್ದು ಸತ್ತವರ ಹೊಟ್ಟೆಗೆ. ಮಹಾಂತಯ್ಯ ಸತ್ತವರ ಧೋತರ ಉಟ್ಟಿದ್ದ, ಸತ್ತವರ ಕೊಡೆ ಹಿಡಿದಿದ್ದ, ಸತ್ತವರ ಕೆರ ಮೆಟ್ಟಿದ್ದ, ಅವರಿಗೆ ಇಷ್ಟವಾಗಿದ್ದ ಹೋಳಿಗೆಯನ್ನು ಅವರ ಪರವಾಗಿ ತೇಗು ಬರುವಷ್ಟು ಉಂಡಿದ್ದ. ಇವೆಲ್ಲ ತನ್ನ ಮೈಯನ್ನು ಹಾದು ಎಲ್ಲಿಗೆ ಹೋಗುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ತೂಬಿಗೆ ನೀರಿನ ಚಿಂತೆ ಇರುತ್ತದೆಯೆ. ಆವತ್ತು ಹಿಡಿಕೆ ಕೈಗೆ ಬಂದಾಗ, ಇದು ಬೇರೆಯವರದಮ್ಮ ಎನ್ನಬೇಕಾಗಿತ್ತು. ಒಂದೇ ಒಂದು ಮಾತು. "ಶಿವಾರ್ಪಣ," ಎಂದ.

ಆಮೇಲೆ ಕಲಿತ. ಮಠದ ಹಿಂದಿನ ಬಯಲಿನಲ್ಲಿ ಬಿದ್ದು, ಎದ್ದು, ರುದ್ರಾಕ್ಷಿ ಹರಿದು, ಕಾವಿಯ ಅಂಚು ಚೈನಿಗೆ ಸಿಕ್ಕಿ. ಅಯ್ಯನವರು ಕೈಲಾಸಕ್ಕ ಹೊಂಟಾರ, ದಾರಿ ಬಿಡ್ರಪ್ಪಾ ಎಂದು ಬಾವಿಕಟ್ಟೆಯ ಹೆಂಗಸರು ಸೆರಗಿನಲ್ಲಿ ನಕ್ಕಿದ್ದರು. ಅದು ಅವನಿಗೆ ಆಶ್ಚರ್ಯ ಹುಟ್ಟಿಸಿರಲಿಲ್ಲ. ಆಶ್ಚರ್ಯವಾದದ್ದು ಮೂರನೆಯ ದಿನ, ಒಮ್ಮೆಲೇ, ಹತ್ತಾರು ವರ್ಷ ತುಳಿದವನ ಹಾಗೆ ತನ್ನ ಕಾಲುಗಳು ತುಳಿಯತೊಡಗಿದಾಗ.

ಇವತ್ತು ಸೋಮವಾರ. ನಾರಾಯಣಪೇಟೆಯಲ್ಲಿ ನೇಕಾರರೊಬ್ಬರ ಮನೆಯ ಪಾದಪೂಜೆ. ಹೊರಡುವ ಮೊದಲು ಸೈಕಲ್ಲನ್ನು ಬಜಾರಿನ ಖಾಜಾಮಿಯಾನ ಅಂಗಡಿಗೆ ತಳ್ಳಿಕೊಂಡು ಹೋದ. ಮಕ್ತಲ್ಲಿನಲ್ಲಿ ಸೈಕಲ್ ರಿಪೇರಿ ಬಲ್ಲವನು ಅವನೊಬ್ಬನೇ. ತಹಸೀಲ ಕಚೇರಿಯ ಗುಮಾಸ್ತರೂ ಪೊಲೀಸ್ ಅಮೀನನೂ ಅವನ ಮುಂದೆ ಸರದಿ ನಿಲ್ಲಬೇಕು.

"ಹಿಡಿಕೆ ಎಡಕ್ಕ ಎಳೀತೈತಿ ಮಿಯಾ. ನಾ ಸೀದಾ ಹಿಡಿದ್ರೂ ಅದು ಎಡಕ್ಕೇ ಹೋಗ್ತೈತಿ."

ಖಾಜಾಮಿಯಾ ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು, ಒಂದು ಕಣ್ಣು ಮುಚ್ಚಿ ಹಿಡಿಕೆಯನ್ನು ನೋಡಿದ. ಚಕ್ರ ಎತ್ತಿ ತಿರುಗಿಸಿ ಅದು ತಾನಾಗಿ ನಿಲ್ಲುವವರೆಗೂ ಕಿವಿಗೊಟ್ಟ. "ಕೂದಲಷ್ಟೂ ಫರಕ್ ಇಲ್ರಿ ಅಯ್ಯನವರ. ಬಾಣ ಇದ್ದಂಗ ಐತಿ. ಸೈಕಲ್ಲಿಗೆ ಬೀಮಾರಿ ಇಲ್ಲ."

"ಮತ್ತ ಎಳೀತೈತಲ್ಲ."

"ಎಲ್ಲಿ ಎಳೀತೈತ್ರಿ?"

ಮಹಾಂತಯ್ಯ ಚಕ್ರದತ್ತ ನೋಡಿದ. ನಾರಾಯಣಪೇಟೆಯ ಹಾದಿಯಲ್ಲಿ ಕಾಲುದಾರಿ ಒಡೆಯುವಲ್ಲಿ ಮಾತ್ರ ಎಂದು ಹೇಗೆ ಹೇಳುವುದು. ಆ ತಿರುವು ಬಂದಾಗಲೆಲ್ಲ ಅವನು ಕೆಳಗಿಳಿದು, ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಹಟ ಮಾಡುವ ಹೋರಿಯನ್ನು ದಾಟಿಸುವ ಹಾಗೆ ತಳ್ಳಿ ದಾಟಿಸುತ್ತಿದ್ದ.

"ಆದತ್, ರೂಢಿ ಇರಬೇಕ್ರಿ," ಎಂದ ಖಾಜಾಮಿಯಾ ಗಾಳಿ ಹೊಡೆಯುತ್ತ. "ಸೋಮವಾರ ಮುಂಜಾನಿ ಹಂಪಣ್ಣ ಸೇಠ ಇಲ್ಲೇ ಗಾಳಿ ಹಾಕಿಸಿಕೊಂಡು ಹೋಗ್ತಿದ್ರು. ಕುದುರೀನೂ ಸಾಹುಕಾರ ಸತ್ರ ಹಳೇ ತಬೇಲಿಗೇ ಹೋಗಿ ನಿಲ್ತೈತಲ್ರಿ. ಇದು ಕಬ್ಬಿಣದ್ದು, ಮರಿಯಾಕ ಇನ್ನಾ ಹೊತ್ತು ಬೇಕು." ಆಮೇಲೆ ತಲೆ ಎತ್ತಿ ನಕ್ಕ. "ಆ ಬೀಗದ ಕೈ ಕೊರಳಾಗ ಯಾಕ್ರಿ ಕಟ್ಟಿಕೊಂಡೀರಿ? ಈ ಊರಾಗ ಯಾರು ಕದೀತಾರ ಅಯ್ಯನವರ ಸೈಕಲ್? ಅಲ್ಲಾ ಮೆಚ್ಚೂದಿಲ್ಲ, ನಿಮ್ಮ ಶಿವಾನೂ ಮೆಚ್ಚೂದಿಲ್ಲ. ಕದ್ದಾಂವ ದಕ್ಕಿಸಿಕೊಂತಾನೇನು?"

ಅವನು ಹಾಗೇ ಅಂದದ್ದು. ಅದರಲ್ಲಿ ಬೇರೆ ಅರ್ಥವಿರಲಿಲ್ಲ. ಆದರೂ ಮಹಾಂತಯ್ಯನ ಕಿವಿ ಕಾದವು. ಬೀಗದ ಕೈಯನ್ನು ಅಂಗಿಯ ಒಳಗೆ ಸೇರಿಸಿಕೊಂಡ. ನಿಜಕ್ಕೂ ಅದನ್ನು ಯಾಕೆ ಕೊರಳಿಗೆ ಕಟ್ಟಿದ? ಕಳ್ಳರ ಭಯಕ್ಕಲ್ಲ. ಮೊದಲ ವಾರ ಕಂಬಕ್ಕೆ ಬರಿದೇ ಒರಗಿಸಿಡುತ್ತಿದ್ದ ಸೈಕಲ್ಲು ಒಂದು ಸೋಮವಾರ ಮುಂಜಾನೆ ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ಅನ್ನಮ್ಮ ಕಸ ಹೊಡೆಯುವಾಗ ಸರಿಸಿರಬೇಕೆಂದು ಕೇಳಿದ್ದಕ್ಕೆ, ನಿಮ್ಮ ದೇವರನ್ನ ನಾ ಮುಟ್ಟೂದಿಲ್ರಿ, ಎಂದಿದ್ದಳು. ಆ ದಿನವೇ ಸರಪಳಿ ತಂದ.

ಬಜಾರು ಮುಗಿದು ಊರು ಮುಗಿಯುವಲ್ಲಿ ಸಂಗಮ್ಮನ ಮನೆ. ಸದ್ದು ಮಾಡದೆ ದಾಟಬೇಕೆಂದು ತುಳಿಯುವುದನ್ನು ನಿಲ್ಲಿಸಿದ. ತುಳಿಯುವುದು ನಿಂತಾಗಲೇ ಹಿಂದಿನ ಚಕ್ರ ಟಿಕಿಟಿಕಿ ಎಂದು ಹೆಚ್ಚು ಸದ್ದು ಮಾಡುತ್ತದೆ ಎಂಬುದು ಮರೆತಿತ್ತು. ಅವಳು ತಂಬಿಗೆ ಹಿಡಿದು ಕಟ್ಟೆಯ ಮೇಲೆ ನಿಂತೇ ಇದ್ದಳು. ಕೆಳಗಿಳಿದು ಬಂದು ಮುಂದಿನ ಚಕ್ರಕ್ಕೆ ನೀರು ಎರೆದು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಲವತ್ತೂ ಆಗಿರದ ಹೆಂಗಸು; ದುಃಖ ಇಳಿದು ಹೋದ ಜಾಗದಲ್ಲಿ ಒಂದು ಬಗೆಯ ಮನೆವಾರ್ತೆಯ ಶಾಂತಿ ಬಂದು ಕೂತಿತ್ತು. ಗಂಡ ಪರಊರಿನಲ್ಲಿದ್ದಾನೆ, ಅಯ್ಯನ ಕಡೆಯಿಂದ ಸುದ್ದಿ ಬರುತ್ತಿರುತ್ತದೆ ಎನ್ನುವ ಹಾಗೆ.

"ಸೀಟು ಇಳಿಸೀರೇನ್ರಿ ಅಯ್ಯನವರ?"

"ಹೌದು ತಂಗಿ. ನಾ ಗಿಡ್ಡ. ಕಾಲು ಮುಟ್ಟಾಂಗಿಲ್ಲ."

ಅವಳು ಸ್ವಲ್ಪ ಹೊತ್ತು ಸೀಟನ್ನೇ ನೋಡಿದಳು. "ಅವರು ಎತ್ತರದಾಳು ನೋಡ್ರಿ. ಇಷ್ಟು ತೆಳಗ ಆದ್ರ ಮೊಣಕಾಲು ಹಿಡಿಕಿಗೆ ಬಡಿತಾವ. ಅಲ್ಲಿ ಏರು ಜಾಸ್ತಿ ಅಂತ ಹೇಳ್ತಾರ." ಬೇಡಿಕೊಳ್ಳುವ ಹಾಗೆ ಕೇಳಿದಳು: "ಒಂದು ಬಟ್ಟು ಏರಿಸ್ತೀರೇನ್ರಿ? ನಿಮಗ ತ್ರಾಸ ಆಗದಷ್ಟು."

ನಗು ಬರಬೇಕಾಗಿತ್ತು. ಮಹಾಂತಯ್ಯನಿಗೆ ಮೊಣಕಾಲಲ್ಲಿ ನೋವು ಬಂತು, ಎರಡೂ ಮೊಣಕಾಲಲ್ಲಿ. ಕೆಲವು ದಿನಗಳಿಂದ ಬರುತ್ತಿದ್ದ ನೋವೇ, ವಾಯುವೆಂದು ಅನ್ನಮ್ಮ ಬೆಳ್ಳುಳ್ಳಿ ಎಣ್ಣೆ ತಿಕ್ಕುತ್ತಿದ್ದಳು. "ಏರಸ್ತೀನಿ," ಎಂದ.

"ಇನ್ನೊಂದು ಮಾತು ಕೇಳ್ಲೇನ್ರಿ? ಸೋಮವಾರ ಆದ್ರ ಅವರು ಎಲ್ಲಿಗೋ ಹೋಗ್ತಿದ್ರು. ಯಾಪಾರಕ್ಕಲ್ಲ, ಗಂಟು ಒಯ್ತಿರಲಿಲ್ಲ. ನಾ ಕೇಳಿದ್ರ ಹೇಳ್ತಿರಲಿಲ್ಲ. ಹಿಂದಿನ ಮನಿ ಬುಚ್ಚಮ್ಮ, ನಿನ್ನ ಗಂಡಗ ಗುಡ್ಡದ ಕಡೆ ಒಬ್ಬಾಕಿ ಅದಾಳ ಅಂತ ಆಡಿಕೊಂತಾಳ. ನಾ ಅದನ್ನ ನಂಬಿಲ್ಲ. ಆದ್ರ ಮುಂಜಾನೆದ್ದು ರೊಟ್ಟಿ ಬಡಿಯಾಕ ಕುಂತಾಗ ಅದೇ ಮಾತು ಕಿವ್ಯಾಗ ಬರ್ತೈತಿ. ಸಾಯೂ ಮುಂದ ನಿಮ್ಮ ಕೈ ಹಿಡಿದಿದ್ರಲ್ರಿ. ಏನರ ಹೇಳಿದ್ರೇನು?"

ಅವಳ ಕಣ್ಣು ಸ್ವಚ್ಛವಾಗಿದ್ದವು. ಆ ಒಂದು ಮಾತನ್ನು ಅವಳಿಗೆ ಕೊಟ್ಟುಬಿಟ್ಟರೆ ಅವಳ ಮುಂಜಾವುಗಳು ಅವಳಿಗೆ ಮರಳಿ ಸಿಗುತ್ತಿದ್ದವು. ಮಾತು ಕೊಟ್ಟರೆ ಅದರ ಹಿಂದೆಯೇ ಸೈಕಲ್ಲನ್ನೂ ಕೊಡಬೇಕು.

"ಇಲ್ಲ ತಂಗಿ," ಎಂದ. "ಶಿವಾ ಅಂದ, ಅಷ್ಟೇ."

ಸುಳ್ಳು ಹೇಳುವಾಗ ಅವನ ಹೆಬ್ಬೆರಳು ಗಂಟೆಯ ಮೇಲಿತ್ತು. ಒತ್ತಿದ್ದು ಅವನ ಅರಿವಿಗೆ ಬರಲಿಲ್ಲ. ಗಂಟೆ ಎರಡು ಸಲ ಬಾರಿಸಿತು. ಸಂಗಮ್ಮ ಬೆಚ್ಚಲಿಲ್ಲ, ಮೆಲ್ಲಗೆ ಸೆರಗು ಸರಿ ಮಾಡಿಕೊಂಡು, "ಅವರೂ ಹಂಗೇ, ಹೇಳಬಾರದ್ದು ಕೇಳಿದ್ರ ಗಂಟಿ ಹೊಡೀತಿದ್ರು," ಎಂದು ನಕ್ಕು ಒಳಗೆ ಹೋದಳು.

ಊರಾಚೆ ಹೊಲ ಬೋಳಾಗಿತ್ತು. ಜೋಳ ಕೊಯ್ದು ಮುಗಿದು ಕೂಳೆ ಮಾತ್ರ ಉಳಿದ ಎರೆ, ಬಿಸಿಲಿಗೆ ಬಾಯಿಬಿಟ್ಟು, ಕಣ್ಣು ಮುಟ್ಟುವವರೆಗೂ ಒಂದೇ ಕಪ್ಪು. ನಡು ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ನೆರಳು ಚಕ್ರದ ಕೆಳಗೇ ಸುತ್ತಿಕೊಂಡು ಬರುತ್ತಿತ್ತು. ಮಹಾಂತಯ್ಯ ನೆರಳನ್ನು ನೋಡಬಾರದೆಂದುಕೊಂಡ. ಸೀಟು ತಗ್ಗಿತ್ತು, ಅವನೂ ಗಿಡ್ಡನಿದ್ದ, ನೆರಳು ಮಾತ್ರ ಮೊಣಕಾಲು ಮಡಚಿ ಬಾಗಿ ತುಳಿಯುತ್ತಿತ್ತು. ಪಂಚಾಕ್ಷರಿ ಹೇಳತೊಡಗಿದ. ಪೆಡಲಿನ ಒಂದು ಸುತ್ತಿಗೆ ಒಂದು ಅಕ್ಷರ. ನ, ಮ, ಶಿ. ಚೈನು ತನ್ನ ಲೆಕ್ಕ ತಾನು ಹಿಡಿದು ಅವನ ಅಕ್ಷರಗಳನ್ನು ನುಂಗುತ್ತ ಬಂತು. ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಒಬ್ಬ ಅಯ್ಯ ಸತ್ತ ಗೌಡನ ಕಂಬಳಿ ಹೊದ್ದು ಮಲಗುತ್ತಾನೆ. ಮುಂಜಾನೆ ಗೌಡನ ನಾಯಿ ಬಂದು ಅವನ ಕಾಲು ನೆಕ್ಕುತ್ತದೆ. ಅಷ್ಟೇ ಕಥೆ. ಮುಂದೇನಾಯಿತು ಎಂದು ಕೇಳಿದರೆ ಅಜ್ಜಿ, ಮುಂದೇನೈತಿ, ನಾಯಿಗೆ ಸುಳ್ಳು ಬರೂದಿಲ್ಲ, ಎಂದು ದೀಪ ತಗ್ಗಿಸುತ್ತಿದ್ದಳು.

ಕಾಲುದಾರಿ ಒಡೆಯುವ ಜಾಗ ಬಂತು. ಗುರುತಿಗೆ ಒಂದು ಬನ್ನಿಮರ. ಇಳಿಯಬೇಕು, ಬಿಗಿಹಿಡಿಯಬೇಕು. ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಇಳಿಯಲು ಕಾಲು ಎತ್ತಬೇಕೆಂದುಕೊಂಡ. ಹಂಪಣ್ಣನ ನೆತ್ತಿಯ ಮೇಲಿಟ್ಟ ಪಾದ ಅದು, ಪೆಡಲಿನಿಂದ ಏಳಲಿಲ್ಲ. ಆಗ ಒಳಗೆ ಎಲ್ಲಿಯೋ ಒಂದು ದಣಿವು ಎದ್ದು ಬಂತು, ಎರಡು ತಿಂಗಳ ದಣಿವು. ಕೂಸನ್ನು ನೀರಿಗೆ ಬಿಡುವವಳ ಹಾಗೆ ಕೈ ಸಡಿಲ ಮಾಡಿದ. ಹಿಡಿಕೆ ಎಡಕ್ಕೆ ತಿರುಗಿತು. ಎಳೆಯಲಿಲ್ಲ, ಜಗ್ಗಲಿಲ್ಲ, ಮನೆಗೆ ಹೋಗುವ ಹಸು ತಿರುಗುವ ಹಾಗೆ ಸುಮ್ಮನೆ ತಿರುಗಿತು. ಕಪ್ಪು ನೆಲ ಮುಗಿದು ಕೆಂಪು ಮೊದಲಾಯಿತು. ಕಲ್ಲು, ತಗ್ಗು, ಕವಲು, ಒಂದನ್ನೂ ಅವನು ಕಂಡಿರಲಿಲ್ಲ, ಒಂದಕ್ಕೂ ಚಕ್ರ ತಾಗಲಿಲ್ಲ. ಕೊಟ್ಟುಬಿಡುತ್ತೇನೆ, ಹೇಳಿಬಿಡುತ್ತೇನೆ, ಎಂದು ಮನಸ್ಸಿನಲ್ಲೇ ಹೇಳುತ್ತ ಹೋದ. ಕೊಟ್ಟರೆ ಬಿಡುಗಡೆ. ನಾಳೆ ಮುಂಜಾನೆ ಅಂಗೈಯಲ್ಲಿ ಲಿಂಗ ಮಾತ್ರ ಇರುತ್ತದೆ.

ದೊಡ್ಡಿಯ ಕೊನೆಯ ಮನೆಯ ಮುಂದೆ ಸೈಕಲ್ಲು ತಾನೇ ನಿಧಾನವಾಯಿತು. ಹಿಂದಿನ ಚಕ್ರದ ಟಿಕಿಟಿಕಿ ನಿಲ್ಲುವ ಮೊದಲೇ ಬಾಗಿಲಲ್ಲಿ ಮುದುಕಿ ನಿಂತಿದ್ದಳು. ಬೇಡರ ಹೆಂಗಸು, ಒಣಗಿದ ಬನ್ನಿಕಾಯಿಯಂತೆ ಸೆಟೆದ ಮೈ, ಕಣ್ಣುಗಳಲ್ಲಿ ಬಿಳಿ.

"ಬಂದ್ಯಾ ನಾಯನಾ?" ಎಂದಳು. "ಒಂಬತ್ತು ಸೋಮವಾರ ಆತಲ್ಲೋ."

ಹೂಂ ಎನ್ನುವ ಸದ್ದು ಅವನ ಗಂಟಲಿಗೆ ಬಂದು ನಿಂತಿತು. ಆ ಸದ್ದು ತನ್ನದಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ನುಂಗಲು ಎಂಜಲು ಸಾಲಲಿಲ್ಲ. ಕೊರಳಿಗೆ ಕೈ ಹಾಕಿ, ಗಂಟು ಬಿಚ್ಚಲಾಗದೆ ಹಲ್ಲಿನಿಂದ ದಾರ ಕಚ್ಚಿ, ಬೀಗದ ಕೈಯನ್ನು ಬಿಡಿಸಿದ. ಸೀಟಿನ ಹಿಂದೆ ಸುತ್ತಿ ತಂದಿದ್ದ ಬೀಗ-ಸರಪಳಿಯನ್ನು ತೆಗೆದು ಅದರ ಮೇಲಿಟ್ಟು ಎರಡನ್ನೂ ಅವಳ ಕೈಗೆ ಕೊಟ್ಟ.

"ಅವ್ವಾ, ನಾ ನಿನ್ನ ಮಗ ಅಲ್ಲ. ಮಕ್ತಲ್ಲಿನ ಅಯ್ಯ. ಮಹಾಂತಯ್ಯ ಅಂತಾರ." ಮಾತು ಒಂದಾದ ಮೇಲೊಂದು ಕಲ್ಲಿನ ಹಾಗೆ ಬಿದ್ದವು. "ನಿನ್ನ ಮಗ ರಾಯಚೂರಾಗ ಪಿಳೇಗಿಗೆ ಸತ್ತು ಆರು ವರ್ಷ ಆತು. ಇಲ್ಲೀತನಕ ಬರ್ತಿದ್ದಾಂವ ಹಂಪಣ್ಣ ಅಂತ, ಅವನ ಗೆಳ್ಯಾ. ಅವನೂ ಹ್ವಾದ. ಸೈಕಲ್ ನಿನಗ ಮುಟ್ಟಿಸಂತ ಹೇಳಿ ಹ್ವಾದ. ಎರಡು ತಿಂಗಳು ನಾನ ಇಟಗೊಂಡೆ. ಆಸೆ ಆತು."

ಮುದುಕಿ ಅಳಲಿಲ್ಲ. ಬಿಳಿ ಕಣ್ಣು ಅವನ ಭುಜದ ಮೇಲಿನ ಎಲ್ಲಿಯೋ ನೆಟ್ಟಿದ್ದವು. ಗೋಡೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳು.

"ಹಂಪಣ್ಣ," ಎಂದು ಆ ಹೆಸರನ್ನು ಬಾಯಲ್ಲಿ ಆಡಿಸಿ ನೋಡಿದಳು. "ಹೆಸರು ಗೊತ್ತಿರಲಿಲ್ಲ ನೋಡು. ಮಗ ಅಲ್ಲ ಅಂತ ಮೊದಲನೇ ಸೋಮವಾರಾನ ಗೊತ್ತಾಗಿತ್ತು. ರೊಟ್ಟಿ ಹಾಕಿದ್ದೆ. ಕಟಕ್, ಕಟಕ್ ಅಂತ ನಾಕು ಮುರುಕು ಮಾಡಿದ. ನನ್ನ ಭೀಮ್ಯಾ ರೊಟ್ಟಿ ಮುರಿಯೂ ಸಪ್ಪಳ ಅದಲ್ಲ."

"ಮತ್ತ ಕೇಳಬಾರದಾಗಿತ್ತೇನು, ನೀ ಯಾರು ಅಂತ?"

"ಕೇಳಿದ್ರ ಹೇಳ್ತಿದ್ದ. ಹೇಳಿದ್ರ ಬರೂದು ಬಿಡ್ತಿದ್ದ. ಈ ಚಕ್ರದ ಸಪ್ಪಳಾನೂ ಹೋಗ್ತಿತ್ತು." ಹೊಸ್ತಿಲನ್ನು ಅಂಗೈಯಿಂದ ಒರೆಸುತ್ತ ಎಂದಳು, "ಭಾಳ ಒಳ್ಳ್ಯಾಂವ ಪಾಪ. ಆರು ವರ್ಷ ಹೂಂ ಅನ್ನೂದಂದ್ರ ಸಣ್ಣ ಕೆಲಸ ಅಲ್ಲ. ಅವನ ಹೇಣ್ತಿ ಅದಾಳೇನು?"

"ಅದಾಳ."

"ಆಕೀಗಿ ಹೇಳ್ರಿ. ಸೋಮವಾರ ಎಲ್ಲಿ ಹೋಗ್ತಿದ್ದ ಅಂತ ಹೇಳ್ರಿ. ಹೆಂಗಸು, ಏನೇನು ಅಂದುಕೊಂಡಿರ್ತಾಳೋ."

ಸೈಕಲ್ಲನ್ನು ಒಳಗೆ ತಂದಿಡಲು ಹೇಳಿದಳು. ಬಾಗಿ ಒಳಗೆ ಹೋದರೆ ಒಂದೇ ಅಂಕಣದ ಮನೆ, ಗೋಡೆಗೆ ಒಂದು ಕಾಳಿನ ಗುಮ್ಮಿ, ಗುಮ್ಮಿಯ ಪಕ್ಕದಲ್ಲಿ ಸೈಕಲ್ಲು ನಿಲ್ಲುವಷ್ಟು ಜಾಗ ಸಗಣಿ ಸಾರಿಸಿ ಖಾಲಿ ಬಿಟ್ಟದ್ದು. ಅಲ್ಲಿ ಒರಗಿಸಿದ. ಕೊನೆಯ ಸಲ ಸೀಟಿನ ಮೇಲೆ ಕೈ ಇಟ್ಟು ತೆಗೆಯುವಾಗ ಎದೆಯಲ್ಲಿ ಏನೋ ಕಿತ್ತ ಹಾಗಾಯಿತು. ಆಮೇಲೆ, ಅವನು ನೆನೆದ ಹಾಗೆಯೇ, ಹಗುರವಾಯಿತು. ನೆತ್ತಿಯಿಂದ ಹಿಮ್ಮಡಿಯವರೆಗೆ ಹಗುರ. ನಡೆದೇ ಹೋಗುತ್ತೇನೆ, ನಾರಾಯಣಪೇಟೆ ಸಂಜೆಗೆ ಮುಟ್ಟಿದರಾಯಿತು, ತಿರುಗಿ ಬಂದು ಸಂಗಮ್ಮನಿಗೆ ಎಲ್ಲವನ್ನೂ ಹೇಳುತ್ತೇನೆ. "ಬರ್ತೀನವ್ವಾ," ಎಂದ.

"ಉಂಡು ಹೋಗ್ರಿ."

ಮಹಾಂತಯ್ಯ ನಿಂತ. ಲಿಂಗವಿಲ್ಲದ ಮನೆಯ ನೀರನ್ನೂ ಮುಟ್ಟದೆ ಐವತ್ತು ವರ್ಷ ಬದುಕಿದವನು. ಮುದುಕಿ ಅವನ ಮೌನವನ್ನು ಕೇಳಿಸಿಕೊಂಡಳು.

"ಗೊತ್ತೈತ್ರಿ, ನಿಮ್ಮ ಮಂದಿ ನಮ್ಮಲ್ಲಿ ಉಣ್ಣೂದಿಲ್ಲ. ಆದ್ರ ಗೌಡರ ಮನ್ಯಾಗ ಕೆಲಸಕ್ಕಿದ್ದಾಗ ಕೇಳೀನಿ, ಅಯ್ಯ ಉಂಡದ್ದು ಸತ್ತವರಿಗೆ ಮುಟ್ಟತೈತಂತ. ನನ್ನ ಮಗನ್ನ ಎಲ್ಲಿ ಹುಗಿದ್ರೋ, ಎಲ್ಲಿ ಸುಟ್ರೋ. ದಿನಾ-ತಿಥಿ ಮಾಡಲಿಲ್ಲ, ಎಡಿ ಹಾಕಲಿಲ್ಲ. ಹಾಕಿದ್ರ ಸತ್ತಾನ ಅಂತ ಒಪ್ಪಿಕೊಂಡಂಗ, ಆ ಹಂಪಣ್ಣಗ ನೀ ಸುಳ್ಳು ಅಂದಂಗ. ಆರು ವರ್ಷ ಆತ್ರಿ ಅವನು ಉಂಡು. ಎರಡು ತಿಂಗಳು ಸೈಕಲ್ ಇಟಗೊಂಡ್ರಲ್ಲ, ಒಂದು ಹೊತ್ತು ಹೊಟ್ಟಿ ಕೊಡ್ರಿ."

ಅವನು ಕೂತ. ಯಾವಾಗ ಕೂತನೋ. ಮುಂದೆ ಗಂಗಾಳ ಬಂತು. ಗಂಗಾಳದ ಅಗಲಕ್ಕೂ ಚಾಚಿದ ಒಂದು ಕಟಿರೊಟ್ಟಿ, ಪಕ್ಕದಲ್ಲಿ ಪುಂಡಿಪಲ್ಯ. ಮುದುಕಿ ಎದುರಿಗೆ ಕುಳಿತು, ಬಿಳಿ ಕಣ್ಣು ಮುಚ್ಚಿ, ಕಿವಿಯನ್ನು ಅವನ ಕಡೆ ಮಾಡಿದಳು. ಹೊರಗೆ ಬಿಸಿಲು ಗುಂಯ್ಗುಡುತ್ತಿತ್ತು. ಯಾರ ನೆನಪೂ ಇಲ್ಲದೆ, ಯಾವ ಮಂತ್ರವೂ ಇಲ್ಲದೆ ಅವನು ಉಂಡ. ಹುಳಿ, ಜೋಳದ ಸುಟ್ಟ ವಾಸನೆ, ಆಳದಿಂದ ಎದ್ದು ಬರುವ ಹಸಿವು, ಅವನ ಹೊಟ್ಟೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲದಷ್ಟು ದೊಡ್ಡ ಹಸಿವು. ಲಿಂಗಕ್ಕೆ ತೋರಿಸದೆ ತುತ್ತು ಬಾಯಿಗಿಟ್ಟೆನೆಂಬುದು ಎಷ್ಟನೆಯ ತುತ್ತಿಗೆ ನೆನಪಾಯಿತೋ. ನೆನಪಾದರೂ ಕೈ ನಿಲ್ಲಲಿಲ್ಲ.

ಕೈ ತಾನಾಗಿ ನಿಂತಾಗ ಆಶಮ್ಮ ಮುಂದೆ ಬಾಗಿದಳು. ತಡವರಿಸುತ್ತ ಬೆರಳು ಗಂಗಾಳದ ಮೇಲಿಟ್ಟಳು. ಆಗ ಮಹಾಂತಯ್ಯನೂ ಕೆಳಗೆ ನೋಡಿದ. ರೊಟ್ಟಿಯ ನಡುವನ್ನೆಲ್ಲ ತಿಂದಾಗಿತ್ತು. ಅಂಚು ಮಾತ್ರ ಎಲ್ಲಿಯೂ ಮುರಿಯದೆ, ಬಳೆಯ ಹಾಗೆ, ಗಂಗಾಳದ ಸುತ್ತ ಉಳಿದಿತ್ತು.

ಮುದುಕಿಯ ಬೆರಳು ಅದರ ಮೇಲೆ ಒಂದು ಸುತ್ತು ಹೋಗಿ ಬಂತು. ಅವಳು ಅಂಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಅಂಚು ಅವ್ವಗ ಅಂತ ಬಿಡ್ತಾನ," ಎಂದಳು, ಅಗಿಯುತ್ತ. "ಸಣ್ಣಾಂವ ಇದ್ದಾಗಿಂದ."